ಸೋದರಮಾವನ ಹೋಲಿಕೆ

"ಕೂಸಿಗೆ ಅಂಗಿ ತಿರುವಿ ಹಾಕ್ಯಾರಲ್ಲೋ. ಇದೇನು ಬಾಣಂತಿ ಮನಿಯೋ, ಹುಚ್ಚರ ಮನಿಯೋ?"

ದ್ಯಾಮಪ್ಪ ಈ ಮಾತನ್ನು ಮೆಲ್ಲಗೆ ಆಡಲಿಲ್ಲ. ಕುಬಿಹಾಳದಿಂದ ಕ್ರೂಸರ್ ತುಂಬಿಕೊಂಡು ಬಂದ ಬೀಗರು, ಮೊರಬದ ಓಣಿಯವರು, ಎಲ್ಲ ಸೇರಿ ಪಡಸಾಲೆಯಲ್ಲಿ ಇಪ್ಪತ್ತು ಜನರಿದ್ದರು. ಇಪ್ಪತ್ತೂ ಜನರ ಕೈಯಲ್ಲಿನ ಮಂಡಕ್ಕಿ ಸೂಸಲದ ಪ್ಲೇಟು ಅಲ್ಲಲ್ಲೇ ನಿಂತಿತು. ದ್ಯಾಮಪ್ಪ ಐದು ತಿಂಗಳ ಮೊಮ್ಮಗನ ಎರಡೂ ಕಂಕುಳಿಗೆ ಕೈ ಹಾಕಿ, ಸಂತೆಯಲ್ಲಿ ಕುಂಬಳಕಾಯಿ ತೂಕ ನೋಡುವವರ ಹಾಗೆ ಮೇಲಕ್ಕೆತ್ತಿ ಹಿಡಿದಿದ್ದ. ಕೂಸಿನ ಬಿಳಿ ಮಲಮಲ್ ಅಂಗಿಯ ಹೊಲಿಗೆಗಳೆಲ್ಲ ಹೊರಗೆ ಕಾಣುತ್ತಿದ್ದವು.

ಅಡುಗೆಮನೆಯ ಬಾಗಿಲಲ್ಲಿ ಚಹಾದ ತಾಟು ಹಿಡಿದು ನಿಂತಿದ್ದ ಫಕೀರೇಶನಿಗೆ ಅಂಗಿಯ ಮಾತಿಗಿಂತ ಆ ಕಂಕುಳಿನ ಕೈಗಳೇ ಹೆಚ್ಚು ಚುಚ್ಚಿದವು.

"ಕಂಕುಳಾಗ ಹಿಡೀಬ್ಯಾಡ್ರಿ ಮಾವಾರ. ಕುಂಡಿ ಕೆಳಗೊಂದು ಕೈ, ತಲಿ ಕೆಳಗೊಂದು ಕೈ ಕೊಟ್ಟು ಹಿಡೀರಿ," ಎಂದ. ಅಕ್ಕನ ಮಾವ ಎಂಬ ಮರ್ಯಾದೆಗೆ ದನಿ ಎಷ್ಟು ತಗ್ಗಿಸಬೇಕೋ ಅಷ್ಟು ತಗ್ಗಿಸಿಯೇ ಹೇಳಿದ.

ದ್ಯಾಮಪ್ಪ ಕತ್ತು ತಿರುಗಿಸಿದ. "ತಮ್ಮಾ, ಆರು ಮಕ್ಕಳನ್ನ ಎತ್ತಿ ಆಡಿಸಿದ ಕೈ ಇವು. ಎಂಟನೇತ್ತಾ ಬಿಟ್ಟು ಟ್ರ್ಯಾಕ್ಟರ್ ಹೊಡಿಯಾಂವನ ಕಡಿಂದ ಕೂಸು ಹಿಡಿಯೂದು ಕಲೀಬೇಕೇನು ನಾ? ಮೊದಲ ನಿನ್ನ ಕಾಲಚೀಲ ಸುದ್ದ ಹಾಕ್ಕೋ ಹೋಗು."

ಎಲ್ಲರೂ ಅವನ ಕಾಲು ನೋಡಿದರು. ಮನೆಯೊಳಗೆ ಕಾಲಚೀಲ ಹಾಕಿಕೊಂಡದ್ದೇ ಒಂದು ಸೋಜಿಗ, ಅದನ್ನೂ ತಿರುವಿ ಹಾಕಿದ್ದ. ಯಾರೋ ಒಬ್ಬರು ಮೂಗಿನಲ್ಲಿ ನಕ್ಕರು, ಆಮೇಲೆ ತಡೆಯಿರಲಿಲ್ಲ. "ಈ ಮನಿ ಪದ್ಧತಿನ ಹಂಗ ಕಾಣಸ್ತೈತಿ, ಹೋಳಿಗಿನೂ ಬೋರಲ ಹಾಕಿ ಬಡಸ್ತಾರೋ ಏನೋ," ಎಂದು ಕುಬಿಹಾಳದ ಹೆಂಗಸೊಬ್ಬಳು ಸೆರಗು ಬಾಯಿಗಿಟ್ಟುಕೊಂಡಳು. ಒಳಗಿನಿಂದ ತಾಯಿ ಮೈಲಾರವ್ವ ಮಗನನ್ನು ನೋಡಿ ಕಣ್ಣು ಹಿರಿದು ಮಾಡಿದಳು: ಸುಮ್ಮನಿರು.

ಹೆಣ್ಣು ಕೊಟ್ಟ ಮನೆಯವರು ಸುಮ್ಮನಿರಬೇಕು. ಫಕೀರೇಶ ಚಹಾ ಹಂಚಿದ. ಹೊಲಿಗೆಯ ದಪ್ಪ ಅಂಚು ಒಳಗಿದ್ದರೆ ಚರ್ಮಕ್ಕೆ ಉಜ್ಜುತ್ತದೆ, ಉಜ್ಜಿದಲ್ಲಿ ಗುಳ್ಳೆ ಏಳುತ್ತದೆ, ಅದಕ್ಕೇ ಅಂಗಿ ತಿರುವಿ ಹಾಕುವುದು ಎಂದು ಹೇಳಲು ಎಷ್ಟು ಹೊತ್ತು ಬೇಕು? ಆದರೆ ಕಳೆದ ಐದು ತಿಂಗಳಿಂದ ಇದನ್ನೇ ಓಣಿಯ ಒಬ್ಬೊಬ್ಬರಿಗೂ ಹೇಳಿ ಅವನ ನಾಲಿಗೆ ಒಣಗಿತ್ತು. ಹೂಂ ಹೂಂ ಎಂದು ಕೇಳಿದವರು ಹೊರಡುವಾಗ, "ಅದೆಲ್ಲ ಖರೇ ಬಿಡು, ಆದ್ರ ಕೂಸಿನ ಅಂಗಿ ಸುದ್ದ ಹಾಕ್ರಿ, ನೋಡಾಕ ಛಂದ ಕಾಣಂಗಿಲ್ಲ," ಎಂದು ಹೋಗುತ್ತಿದ್ದರು.

ಅಕ್ಕ ಅನ್ನಪೂರ್ಣಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ದೀಪಾವಳಿಯ ಮುಂದೆ ಗಂಡು ಹುಟ್ಟಿತು. ಒಂಬತ್ತನೆಯ ದಿನ ಫಾತಿಮಾಬಿ ಬಂದಳು. ಮೊರಬದ ಅರ್ಧ ಊರಿನ ಎಳೆಗೂಸುಗಳಿಗೆ ನೀರು ಹಾಕಿದ ಮುದುಕಿ ಅವಳು. ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಕಡಲೆಹಿಟ್ಟು ಹಚ್ಚಿ ಉಜ್ಜಿ, ಕೈ ತಡೆಯುವಷ್ಟು ಬಿಸಿನೀರನ್ನು ಚೊಂಬಿನಿಂದ ಮೇಲಿನಿಂದ ಹೊಡೆದು, ಆಮೇಲೆ ಕೆಂಡದ ಬೋಗುಣಿಯ ಮೇಲೆ ಅಂಗೈ ಹಿಡಿದು ಕೂಸಿನ ಮೈ ಕಾಸುವುದು ಅವಳ ಪದ್ಧತಿ. ಗಟ್ಟಿಮುಟ್ಟಾದ ಕೂಸುಗಳು ಅದರಿಂದ ಹೊಟ್ಟೆ ತುಂಬ ಹಾಲು ಕುಡಿದು ಸಂಜೆಯವರೆಗೆ ಮಲಗುತ್ತಿದ್ದವು. ಈ ಕೂಸು ಮಲಗಲಿಲ್ಲ. ಹಿಮ್ಮಡಿಯ ಚರ್ಮ ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯಂತೆ ಫಾತಿಮಾಬಿಯ ಹೆಬ್ಬೆರಳಿಗೆ ಅಂಟಿಕೊಂಡು ಬಂತು. ಅವಳು ಕೈ ತೊಳೆದುಕೊಂಡು, ಯಾರ ಮುಖವನ್ನೂ ನೋಡದೆ, "ಇವತ್ತಿಗೆ ಸಾಕು," ಎಂದು ಎದ್ದು ಹೋದಳು.

ಸಲಹೆ ಕೊಡಲು ಮೊರಬದಲ್ಲಿ ಯಾರಿಗೂ ಲೈಸೆನ್ಸ್ ಬೇಕಿರಲಿಲ್ಲ. ಬೇವಿನೆಲೆ ಅರಿಷಿಣ ಅರೆದು ಹಚ್ಚಿರಿ ಎಂದರು. ಕುಂಬಾರರ ಆವಿಗೆಯ ಬೂದಿ ತರಿಸಿರಿ ಎಂದರು. ಕಾವಾಗಿದೆ, ಬಾಣಂತಿಗೆ ಬದನೆಕಾಯಿ ಬಿಡಿಸಿರಿ. ನೆದರಾಗಿದೆ, ಕೆಟ್ಟ ಕಣ್ಣು ಬಿದ್ದಿದೆ, ಮೆಣಸಿನಕಾಯಿ ನಿವಾಳಿಸಿರಿ. ದೇವಿಗೆ ಬೆಳ್ಳಿಯ ಪಾದ ಮಾಡಿಸಿಕೊಡುತ್ತೇನೆಂದು ಬೇಡಿಕೊಳ್ಳಿರಿ. ಒಬ್ಬ ಮುದುಕ ಮಾತ್ರ ಏನೂ ಹೇಳದೆ ಹೋದ, ಫಕೀರೇಶನಿಗೆ ಅವನ ಮೇಲೆ ಪ್ರೀತಿ ಉಕ್ಕಿತು. ಮರುದಿನ ಅವನೂ ಒಂದು ಬೇರು ಕಳಿಸಿಕೊಟ್ಟ.

ಇದು ಕಾವೂ ಅಲ್ಲ, ನೆದರೂ ಅಲ್ಲ ಎಂಬುದು ಮನೆಯ ಮೂವರಿಗೂ ಗೊತ್ತಿತ್ತು. ನಾಲ್ಕು ವರ್ಷದ ಹಿಂದೆ ತೀರಿಕೊಂಡ ಅಪ್ಪ ಶಿದ್ಲಿಂಗಪ್ಪ, ಮಾಘ ಕಳೆದು ಬಿಸಿಲು ಏರಿತೆಂದರೆ ಅಂಗಾಲಿಗೆ ಹಳೆ ಧೋತರದ ಅರಿವೆ ಸುತ್ತಿಕೊಂಡು ಹೊಲಕ್ಕೆ ಹೋಗುತ್ತಿದ್ದ. ಫಕೀರೇಶನಿಗೆ ಅಂಗಾಲಷ್ಟೇ ಅಲ್ಲ, ಅಂಗೈಗೂ ಬಂದಿತ್ತು. ಎಂಟನೆಯ ತರಗತಿಯಲ್ಲಿ ಮಗ್ಗಿ ತಪ್ಪಿದ್ದಕ್ಕೆ ಮಾಸ್ತರು ಅಂಗೈಗೆ ನಾಲ್ಕು ಬಾರಿಸಿದರು. ಮರುದಿನ ಅಂಗೈ ತುಂಬ ನೀರು ತುಂಬಿ ಪೆನ್ನು ಹಿಡಿಯಲು ಬರದೆ ಕೂತವನಿಗೆ, "ನಾಟಕ ಮಾಡ್ತೀಯೇನಲೇ?" ಎಂದು ಇನ್ನೆರಡು ಬಿದ್ದವು. ಅವನು ಪಾಟಿಚೀಲವನ್ನು ಅಲ್ಲೇ ಬಿಟ್ಟು ಬಂದವನು ಮತ್ತೆ ಹೋಗಲಿಲ್ಲ. ಈಗ ಬೇರೆಯವರ ಟ್ರ್ಯಾಕ್ಟರಿನ ಸ್ಟೇರಿಂಗಿಗೆ ಮೆತ್ತನೆಯ ಅರಿವೆ ಸುತ್ತಿ ಹೊಲ ಹೊಡೆಯುತ್ತಾನೆ. ಆ ಅರಿವೆಗೂ ಊರಿನವರು ಏನೇನೋ ಅಂದರು. ಅಂದವರಲ್ಲಿ ಇಬ್ಬರಿಗೆ ಅವನು ಹೊಡೆದೂ ಇದ್ದ. ಹೊಡೆದದ್ದಕ್ಕೆ ಅವನದೇ ಕೈ ನಾಲ್ಕು ದಿನ ಬಾತುಕೊಂಡಿತ್ತು.

ಅನ್ನಪೂರ್ಣಾಗೆ ಬೇಸಿಗೆಯ ಮೂರು ತಿಂಗಳು ಮಾತ್ರ, ಅಂಗಾಲಿಗೆ ಮಾತ್ರ. ಕನ್ಯೆ ನೋಡಲು ಕುಬಿಹಾಳದವರು ಬಂದದ್ದು ಡಿಸೆಂಬರಿನಲ್ಲಿ. ಅವಳ ಪಾದಗಳು ಆಗ ಹೂವಿನಂತಿದ್ದವು. ತಾಯಿ ಮಗನನ್ನು ಹಿತ್ತಿಲಿಗೆ ಕರೆದು ಹೇಳಿದ್ದಳು: "ಅಪ್ಪನ ಕಾಲಿನ ಸುದ್ದಿ ಬೀಗರ ಮುಂದ ಎತ್ತಿದಿ ಅಂದ್ರ ನನ್ನ ಹೆಣ ನೋಡ್ತಿ. ಅಕೀ ಬಾಳೆ ಐತಿ ಇದರಾಗ." ಅವನು ಎತ್ತಲಿಲ್ಲ.

ಕೂಸಿಗೆ ಹದಿನೈದು ದಿನವಾದಾಗ ಅವನು ಯಾರನ್ನೂ ಕೇಳದೆ ಅಕ್ಕನನ್ನೂ ಕೂಸನ್ನೂ ಬಸ್ಸು ಹತ್ತಿಸಿಕೊಂಡು ಹುಬ್ಬಳ್ಳಿಗೆ ಹೋದ. ದೊಡ್ಡ ದವಾಖಾನೆಯ ಚರ್ಮದ ಡಾಕ್ಟರ್ ಒಬ್ಬ ಹೆಣ್ಣುಮಗಳು, ಬಾಗಲಕೋಟೆಯ ಕಡೆಯವಳು. ಕೂಸಿನ ಕಾಲು ನೋಡಿದಳು, ಆಮೇಲೆ ಕೇಳದೆಯೇ ಅವನ ಅಂಗೈ ಹಿಡಿದು ತಿರುವಿ ನೋಡಿದಳು. ಜೀವಮಾನದಲ್ಲಿ ಮೊದಲ ಬಾರಿಗೆ ಯಾರೋ ಒಬ್ಬರು ಅವನ ಕೈ ನೋಡಿ ನಗಲಿಲ್ಲ, ಹೇಸಿಕೊಳ್ಳಲೂ ಇಲ್ಲ.

"ಮನ್ಯಾಗ ಶಾವಿಗಿ ಮಾಡ್ತೀರಲ್ಲ?" ಎಂದು ಕೇಳಿದಳು. "ಚರ್ಮದ ಒಂದೊಂದು ಕಣದೊಳಗೂ ಶಾವಿಗಿ ಎಳಿಯಂಥಾ ಎಳಿ ಇರ್ತಾವ. ಅವ ಕಣಾನ ಬಿಗದು ಹಿಡದಿರ್ತಾವ. ನಿಮ್ಮ ಮನೆತನದಾಗ ಆ ಎಳಿ ಮಾಡೂದರಾಗ ಹುಟ್ಟಾನ ಒಂದು ತಪ್ಪೈತಿ. ಮ್ಯಾಲೆ ನೋಡಿದ್ರ ಗೊತ್ತಾಗಂಗಿಲ್ಲ. ತಿಕ್ಕಿದ್ರ, ಕಾಸಿದ್ರ ಎಳಿ ಮುದ್ದಿಯಾಗಿ ಗಂಟು ಕಟ್ಟತಾವ, ಕಣ ಒಡದು ನೀರು ತುಂಬತೈತಿ. ಇನ್ನೂ ಒಂದು ತಿಳಕೋ. ಮಂದಿ ಚರ್ಮ ಪೆಟ್ಟು ಬಿದ್ದಮ್ಯಾಲೆ ಎಚ್ಚರಾಗತೈತಿ. ಇದು ಪೆಟ್ಟು ಬೀಳೂಕಿಂತ ಮೊದಲ ಅಂಜಿ ಎದ್ದು ನಿಂತಿರ್ತೈತಿ. ಸಣ್ಣ ಪೆಟ್ಟಿಗೂ ದೊಡ್ಡ ಗದ್ದಲ ಮಾಡತೈತಿ, ಲಗೂನ ಸುಮ್ಮನಾಗಂಗಿಲ್ಲ."

"ಇವನ ಸಿಟ್ಟೂ ಅದರಾಗ ಬಂದಿರಬೇಕ್ರಿ ಡಾಕ್ಟರ," ಎಂದಳು ಅನ್ನಪೂರ್ಣಾ. ಹದಿನೈದು ದಿನದಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಗುಣವಾಗುವ ಔಷಧವಿಲ್ಲ, ಜೋಪಾನವೇ ಔಷಧ ಎಂದಳು ಡಾಕ್ಟರ್. ಬಿಸಿನೀರು ಬೇಡ, ತಿಕ್ಕುವುದು ಬೇಡ, ಕೆಂಡ ಬೇಡ, ಉಡಿದಾರ ಬೇಡ, ಕಾಲಿಗೆ ಗೆಜ್ಜೆ ಬೇಡ. ಗುಳ್ಳೆ ಎದ್ದರೆ ತೊಳೆದ ಸೂಜಿಯಿಂದ ಅಂಚಿಗೆ ಚುಚ್ಚಿ ನೀರು ತೆಗೆಯಿರಿ, ಮೇಲಿನ ಸಿಪ್ಪೆ ಕೀಳಬೇಡಿರಿ. ದೊಡ್ಡವನಾದಂತೆ ಕಡಿಮೆಯಾದೀತು. ಆಮೇಲೆ ದವಾಖಾನೆಯ ಚೀಟಿಯ ಹಾಳೆಯ ಮೇಲೆ ಗಂಡಸರಿಗೆ ಚೌಕ, ಹೆಂಗಸರಿಗೆ ದುಂಡು ಎಂದು ಬರೆದು, ಈ ಚರ್ಮ ಇದ್ದವರ ಗುರುತಿಗೆ ಪೆನ್ನಿನಿಂದ ಕಪ್ಪು ತುಂಬಿದಳು. ಶಿದ್ಲಿಂಗಪ್ಪನ ಚೌಕ ಕಪ್ಪು. ಅದರ ಕೆಳಗೆ ಅನ್ನಪೂರ್ಣಾಳ ದುಂಡು ಕಪ್ಪು, ಫಕೀರೇಶನ ಚೌಕ ಕಪ್ಪು. ಅನ್ನಪೂರ್ಣಾಳ ದುಂಡಿನಿಂದ ಇಳಿದ ಗೆರೆಯ ತುದಿಗೆ ಒಂದು ಪುಟ್ಟ ಕಪ್ಪು ಚೌಕ.

"ಕೂಸಿಗೆ ಸೋದರಮಾವನ ಹೋಲಿಕಿ ಬಂದೈತಿ ಅನ್ರಿ," ಎಂದ ಫಕೀರೇಶ.

"ಮಾವನಿಂದ ಕೂಸಿಗೆ ಏನೂ ಹೋಗಂಗಿಲ್ಲಪಾ. ನಿನ್ನ ಚೌಕದಿಂದ ಅದಕ್ಕ ಗೆರಿ ಐತೇನು ನೋಡು. ತಾಯಿಂದ ಹೋಗೈತಿ."

ಅನ್ನಪೂರ್ಣಾ ಕೂಸಿನ ಟೊಪ್ಪಿಗೆ ಸರಿಮಾಡುತ್ತ ಕೂತಳು. ಹಾಳೆಯನ್ನು ಫಕೀರೇಶ ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ಅಲ್ಲಿಂದ ಮುಂದೆ ಕೂಸಿಗೆ ಅವನದೇ ಕಾವಲು. ಫಾತಿಮಾಬಿಗೆ ಹೇಳಿದಾಗ ಅವಳು ಎರಡು ದಿನ ಸಿಟ್ಟು ಮಾಡಿದಳು. ಮೂರನೆಯ ದಿನ ತಾನಾಗಿಯೇ ಬಂದು, "ತೋರಸು, ಹೆಂಗ ಹಾಕಬೇಕು," ಎಂದಳು. ಉಗುರು ಬೆಚ್ಚಗಿನ ನೀರನ್ನು ಬೊಗಸೆಯಲ್ಲಿ ಹನಿ ಹನಿ ಬಿಡುವುದನ್ನು ಎಪ್ಪತ್ತನೆಯ ವಯಸ್ಸಿನಲ್ಲಿ ಕಲಿತಳು. ಇಡೀ ಊರಿನಲ್ಲಿ ಅವನ ಮಾತು ಕೇಳಿದ್ದು ಅವಳೊಬ್ಬಳೇ.

ಇಂದು ಐದು ತಿಂಗಳು ತುಂಬಿ ಬಾಣಂತಿಯನ್ನು ಕಳಿಸುವ ದಿನ. ಉಡಿ ತುಂಬುವುದಿತ್ತು, ಹೋಳಿಗೆಯ ಊಟವಿತ್ತು. ಇನ್ನು ಎರಡು ತಾಸು ಕಳೆದರೆ ಆಗುತ್ತಿತ್ತು.

ಚಹಾ ಮುಗಿಸಿದ ದ್ಯಾಮಪ್ಪ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅಂಗಿ ಬಿಚ್ಚಿ ಸುದ್ದ ಹಾಕತೊಡಗಿದ. ಬಿಚ್ಚಿದವನ ಕೈ ನಿಂತಿತು. ಕೂಸಿನ ನಡುವಿನ ಸುತ್ತ ಕೆಂಪನೆಯ ಉಂಗುರ. ಹೋದ ವಾರ ಫಕೀರೇಶ ಹೊಲಕ್ಕೆ ಹೋದಾಗ ಓಣಿಯ ಹೆಂಗಸರು ಸೇರಿ, ಗಂಡುಕೂಸು ಬರಿನಡುವಿನಲ್ಲಿ ಅಪ್ಪನ ಮನೆಗೆ ಹೋಗಬಾರದೆಂದು ಉಡಿದಾರ ಕಟ್ಟಿದ್ದರು. ಅದರ ಗುರುತು. ದ್ಯಾಮಪ್ಪ ಕೂಸಿನ ಕಾಲೆತ್ತಿ ನೋಡಿದ: ಹಿಮ್ಮಡಿಯಲ್ಲಿ ಒಣಗಿದ ಹಕ್ಕಳೆ, ಹೆಬ್ಬೆರಳಿನ ಹತ್ತಿರ ಒಂದು ಹೊಸ ಗುಳ್ಳೆ.

"ಸುಟ್ಟಾರೇನಲೇ ಕೂಸಿನ್ನ?" ಎಂದ. ಈ ಸಲ ಯಾರೂ ನಗಲಿಲ್ಲ.

"ಸುಟ್ಟಿಲ್ರಿ ಬೀಗರ," ಎಂದಳು ಮೈಲಾರವ್ವ ಒಳಗಿನಿಂದಲೇ. "ಕಾವು ಆಗೈತ್ರಿ."

"ಕಾವಾದ್ರ ನೀರು ಹಾಕಬೇಕಿಲ್ಲ? ಈ ಹುಡುಗ ಬಿಸಿನೀರ ಬಿಡಿಸ್ಯಾನಂತ, ಕೆಂಡ ಬಿಡಿಸ್ಯಾನಂತ. ನಮ್ಮ ಮಂದಿ ಕಿವಿಗೆ ಎಲ್ಲಾ ಬಿದ್ದೈತಿ. ಐದು ತಿಂಗಳ ಕೂಸಿನ್ನ ಕಾಸದ ಹಸಿ ಗಡಿಗಿ ಮಾಡಿ ಇಟ್ಟೀರಿ." ದ್ಯಾಮಪ್ಪ ಕೂಸನ್ನು ಸೊಸೆಯ ಕೈಗೆ ಕೊಟ್ಟು ಎದ್ದು ನಿಂತ. "ಇರ್ಲಿ. ಆಗಿದ್ದಾತು. ಹೋಗೂ ದಾರ್ಯಾಗ ಒಬ್ಬ ಅಜ್ಜ ಅದಾನ. ಬಳಿ ಚೂರು ಕೆಂಪಗ ಕಾಸಿ ಹೊಟ್ಟಿ ಮ್ಯಾಲೆ ಮೂರು ಬರಿ ಎಳದಾ ಅಂದ್ರ ಮೈಯಾಗಿನ ಕೆಟ್ಟ ನೀರು ಅಲ್ಲೇ ಸಾಯತೈತಿ. ರವಿವಾರನೂ ಐತಿ, ಬರಿ ಹಾಕಸಾಕ ಛಲೋ ವಾರ. ಇಂವಗೂ ಹಾಕಿಸಿದ್ದೆ ನಾ, ಈಗ ನೋಡ್ರಿ ಹೆಂಗದಾನ."

ಇಂವ ಎಂದದ್ದು ಮಗ ಬೀರೇಶನಿಗೆ, ಕೂಸಿನ ಅಪ್ಪನಿಗೆ. ಅವನು ಗೋಡೆಗೆ ಒರಗಿ ಕೂತು ಸೂಸಲದೊಳಗಿನ ಶೇಂಗಾ ಆರಿಸಿ ಆರಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದ. ತಲೆಯೆತ್ತಲಿಲ್ಲ.

ಅನ್ನಪೂರ್ಣಾ ಕೂಸನ್ನು ಎದೆಗೆ ಅವುಚಿಕೊಂಡಳು. ಅವುಚಿದ್ದು ಹೆಚ್ಚಾಯಿತೆಂದು ನೆನಪಾಗಿ ಕೈ ಸಡಿಲಿಸಿದಳು. ತಮ್ಮನ ಕಡೆ ನೋಡಿದಳು.

"ಬರಿ ಹಾಕಸಬ್ಯಾಡ್ರಿ ಮಾವಾರ," ಎಂದ ಫಕೀರೇಶ. "ಮಂದಿಗೆ ಬರಿ ಎಂಟು ದಿನಕ್ಕ ಮಾಯತೈತಿ. ಈ ಚರ್ಮಕ್ಕ ಮಾಯಂಗಿಲ್ಲ. ಕಾವು ಇದಕ್ಕ ವೈರಿ ಇದ್ದಂಗ. ಹುಬ್ಬಳ್ಳ್ಯಾಗ ಡಾಕ್ಟರ ಹೇಳ್ಯಾರ. ಚರ್ಮದೊಳಗ ಎಳಿ ಇರ್ತಾವಂತ, ಅವು ಕಾಸಿದ್ರ ಗಂಟು ಕಟ್ಟಿ..."

"ಎಳಿ ಇರ್ತಾವಂತ," ದ್ಯಾಮಪ್ಪ ಸುತ್ತಲಿನವರಿಗೆ ಹೇಳಿದ. "ಚರ್ಮದೊಳಗ ಎಳಿ. ಎಂಟನೇತ್ತಾ ಪಾಸಾಗಿದ್ರ ಇನ್ನೇನೇನು ಹೇಳ್ತಿದ್ದನೋ. ಯಾವ ಡಾಕ್ಟರ ಏನಂದ, ಚೀಟಿ ಐತೇನು? ಬರದು ಕೊಟ್ಟಾರೇನು? ತೋರಸು, ನಾ ಓದಾಂವ ಅದೇನಿ."

ಚೀಟಿ ಇತ್ತು. ಫಕೀರೇಶನ ಕೈ ಜೇಬಿಗೆ ಹೋಯಿತು. ಐದು ತಿಂಗಳ ಬೆವರಿಗೆ ಮೆತ್ತಗಾದ ಆ ಹಾಳೆಯನ್ನು ಈ ಮನುಷ್ಯನ ಮುಖದ ಮುಂದೆ ಹಿಡಿಯಬೇಕೆಂದು ಅವನು ಎಷ್ಟು ಸಲ ಅಂದುಕೊಂಡಿದ್ದ. ದವಾಖಾನೆಯ ಹೆಸರು, ಸಿಕ್ಕೆ, ಸಹಿ, ಎಲ್ಲ ಇದ್ದವು. ಬೆರಳಿಗೆ ಮಡಿಕೆ ತಾಗಿತು. ಅರ್ಧ ಹೊರಗೆಳೆದ. ಆಗ ಮಡಿಕೆಯ ಆಚೆಯಿಂದ ಪೆನ್ನಿನ ಕಪ್ಪು ಮೂಡಿದ್ದು ಕಂಡಿತು. ಚೌಕಗಳ ನಡುವೆ ಒಂದೇ ಒಂದು ಕಪ್ಪು ದುಂಡು, ಅನ್ನಪೂರ್ಣಾಳದು. ಓದಲು ಬಾರದವನಿಗೂ ಅರ್ಥವಾಗುವಷ್ಟು ಕಪ್ಪು.

ಅನ್ನಪೂರ್ಣಾ ಅವನ ಕೈಯನ್ನೇ ನೋಡುತ್ತಿದ್ದಳು. ಕೂಸಿನ ಬೆನ್ನಿನ ಮೇಲಿದ್ದ ಅವಳ ಬೆರಳುಗಳು ಬೆಳ್ಳಗಾಗಿದ್ದವು.

ಅವನು ಹಾಳೆಯನ್ನು ಒಳಗೆ ತಳ್ಳಿದ.

"ಚೀಟಿ ಇಲ್ಲ," ಎಂದ. "ಇದ ಐತಿ."

ಪಡಸಾಲೆಯ ನಡುವೆ ಕೂತು ಕಾಲಚೀಲ ಕಿತ್ತ. ಬಲಗಾಲಿನದು ಒಂದು ಕಡೆ ಅಂಟಿಕೊಂಡಿತ್ತು, ಎಳೆದೇ ತೆಗೆದ. ಅಂಗಾಲನ್ನು ಮೇಲೆ ಮಾಡಿ ದ್ಯಾಮಪ್ಪನ ಕಡೆ ಚಾಚಿದ. ಮಾರ್ಚ್ ತಿಂಗಳ ಕೊನೆ. ಬೆರಳ ಬುಡದಲ್ಲಿ ರೂಪಾಯಿಯಗಲದ ಎರಡು ಗುಳ್ಳೆ ತುಂಬಿದ್ದವು, ಹಿಮ್ಮಡಿಯದು ಒಡೆದು ಹಸಿಯಾಗಿತ್ತು. ಯಾರೋ "ಅಯ್ಯ ಶಿವನ" ಎಂದರು. ಹಿರಿಯರ ಕಡೆ ಕಾಲು ಚಾಚುವುದು ಎಂಥ ತಪ್ಪು ಎನ್ನುವುದು ಯಾರಿಗೂ ಹೊಳೆಯಲಿಲ್ಲ.

"ನನಗ ಹುಟ್ಟಾನ ಹಿಂಗ," ಎಂದ. "ಕೂಸಿಗೆ ನನ್ನ ಹೋಲಿಕಿ. ಸೋದರಮಾವನ ಮುಖಾ ಬರಬೇಕಿತ್ತು, ಕಾಲು ಬಂದಾವ."

ಎದ್ದು ನಿಂತು ಅಂಗಿಯನ್ನು ಎದೆಯವರೆಗೆ ಎತ್ತಿದ. ಹೊಟ್ಟೆಯ ಮೇಲೆ, ಹೊಕ್ಕುಳಿನ ಬಲಕ್ಕೆ, ಅಂಗೈಯಗಲ ಚರ್ಮವಿರಲಿಲ್ಲ. ಇದ್ದದ್ದು ಸುಟ್ಟ ಪ್ಲಾಸ್ಟಿಕ್ಕಿನ ಹಾಗೆ ಹೊಳೆಯುವ, ನಿರಿಗೆ ಬಿದ್ದ ಇನ್ನೇನೋ. "ಇದೂ ಬರಿನ. ಹನ್ನೊಂದು ತಿಂಗಳದಾಂವ ಇದ್ದಾಗ ನಮ್ಮವ್ವ ಹಾಕಿಸಿದ್ಲು. ಮೂರ ಗೆರಿ ಎಳದಿದ್ರಂತ. ಎಷ್ಟು ಗೆರಿ ಕಾಣತಾವ, ನೀವ ಎಣಸ್ರಿ. ಮಾಯಾಕ ವರ್ಷಾ ಹಿಡೀತು. ಗುಳ್ಳಿ ಹೋದ್ವೇನು? ಕಾಲು ನೋಡಿದ್ರೆಲ್ಲ."

ಅಡುಗೆಮನೆಯಲ್ಲಿ ಏನೋ ಕೆಳಗೆ ಬಿದ್ದ ಸದ್ದಾಯಿತು. ಮೈಲಾರವ್ವ ಬಾಗಿಲಿಂದ ಸರಿದುಹೋಗಿದ್ದಳು.

ದ್ಯಾಮಪ್ಪ ಬಗ್ಗಿ ನೋಡಿದ, ಮುಟ್ಟಲು ಬೆರಳು ಚಾಚಿ ಹಿಂದೆಗೆದುಕೊಂಡ. ಅವನು ಕೆಟ್ಟವನೇನೂ ಅಲ್ಲ. ಅದೇ ಫಕೀರೇಶನ ತಲೆ ಕೆಡಿಸುತ್ತಿದ್ದ ಸಂಗತಿ. ಮೊಮ್ಮಗನಿಗಾಗಿ ಜೀವ ಬಿಡುವವನೇ ಆ ಬಳೆಚೂರನ್ನೂ ಕಾಸಿಸುವವನು.

"ನಿಮ್ಮಪ್ಪಗ ಇತ್ತೇನು ಇದು?"

"ಇಲ್ರಿ. ನನಗೊಬ್ಬಗ."

"ಅಕ್ಕಗ?"

ಫಕೀರೇಶ ಬಾಯಿ ತೆರೆಯುವ ಮೊದಲೇ ಮೂಲೆಯಿಂದ ದನಿ ಬಂತು. ಫಾತಿಮಾಬಿ. ಉಡಿ ತುಂಬುವುದನ್ನು ನೋಡಲು ಬಂದವಳು ಅಲ್ಲಿಯವರೆಗೆ ಎಲೆ ಅಡಿಕೆ ಜಗಿಯುತ್ತ ಕೂತಿದ್ದಳು. "ಇಬ್ಬರಿಗೂ ನಾನ ನೀರು ಹಾಕೀನ್ರಿ ಗೌಡ್ರ. ಈ ಹುಡುಗನ ಚರ್ಮ ನನ್ನ ಕೈಯಾಗ ಬರ್ತಿತ್ತು, ಆಗಿಂದ ನೋಡೀನಿ. ಹುಡುಗಿ ಮೈ ಮಾತ್ರ ಬಂಗಾರ. ಒಂದು ಗೀರು ಎದ್ದಿದ್ರ ನನ್ನ ಕೈ ಕಡದು ಕೊಡ್ತೇನಿ." ಅಷ್ಟು ಹೇಳಿ ಮತ್ತೆ ಜಗಿಯತೊಡಗಿದಳು. ಅನ್ನಪೂರ್ಣಾಳನ್ನಾಗಲಿ ಫಕೀರೇಶನನ್ನಾಗಲಿ ನೋಡಲಿಲ್ಲ.

"ಸೋದರಮಾವನ ಹೋಲಿಕಿ ಅಂದ್ರ ಬಿಡ್ರಿ, ಅದಕ್ಕೇನು ಮಾಡಾಕ ಬರ್ತೈತಿ," ಎಂದ ಕುಬಿಹಾಳದ ಒಬ್ಬ ಹಿರಿಯ. "ನಮ್ಮ ಹುಡುಗಗ ಅವನ ಮಾವನ ಮೆಳ್ಳಗಣ್ಣು ಬಂದಾವ, ಬರಿ ಹಾಕಿದ್ರ ಸುದ್ದ ಆಕ್ಕಾವೇನು?" ಆ ಹುಡುಗನ ತಾಯಿ ಅಲ್ಲೇ ಇದ್ದಳು, ಅವಳಿಗೆ ಸಿಟ್ಟು ಬಂತು, ಅವಳಣ್ಣನ ಕಣ್ಣಿನ ಬಗ್ಗೆ ಎರಡು ಮಾತು ಹೋಗಿ ನಾಲ್ಕು ಮಾತು ಬಂದವು. ರೋಗ ಎಂದು ಬಂದದ್ದು ಹೋಲಿಕೆ ಎಂದಾದ ಮೇಲೆ ಪಡಸಾಲೆಯ ಎಲ್ಲರಿಗೂ ಅದರ ಬಗ್ಗೆ ಹೇಳಲು ಒಂದೊಂದು ಕತೆಯಿತ್ತು. ಎಳೆ, ಕಣ, ಡಾಕ್ಟರ್, ಐದು ತಿಂಗಳು ಅವನು ಬಾಯಿ ನೋಯಿಸಿಕೊಂಡು ಹೇಳಿದ್ದು ಯಾವುದೂ ದಾಟದ ಹೊಸ್ತಿಲನ್ನು ಈ ಸುಳ್ಳು ಒಂದೇ ನೆಗೆತಕ್ಕೆ ದಾಟಿತು. ಫಕೀರೇಶನಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

ದ್ಯಾಮಪ್ಪ ಮೀಸೆ ತಿರುವಿದ. ಕೊನೆಗೆ, "ಹಂಗಿದ್ರ ಬರಿ ಬ್ಯಾಡ," ಎಂದ. "ಹೋಲಿಕಿಗೆ ಬರಿ ಹಾಕಿದ್ರ ಮಂದಿ ನಗತಾರ." ಸೊಸೆಯ ಕಡೆ ತಿರುಗಿ, "ಅಂಗಿ ಹೆಂಗಿತ್ತೋ ಹಂಗ ಹಾಕವ್ವಾ," ಎಂದ. ಆಮೇಲೆ ದನಿ ತಗ್ಗಿಸಿದ. ತಗ್ಗಿಸಿದರೂ ಅದು ಇಪ್ಪತ್ತು ಜನರಿಗೆ ಕೇಳುವ ದನಿಯೇ. "ಖರೇ ತಮ್ಮಾ, ಬಮ್ಮಿಗಟ್ಟಿಗೆ ನಾ ಏನಂತ ಹೇಳ್ಲಿ? ನಿನಗ ನೋಡಿದ ಹುಡುಗಿ ನಮ್ಮ ತಂಗಿ ಮಗಳು. ಗೊತ್ತಿದ್ದೂ ಗೊತ್ತಿದ್ದೂ ನಾಳೆ ಅಕೀ ಮಕ್ಕಳಿಗೂ..."

ಬಮ್ಮಿಗಟ್ಟಿಯ ಹುಡುಗಿಯನ್ನು ಅವನು ಒಂದೇ ಸಲ ನೋಡಿದ್ದ. ಚಹಾ ಕೊಡುವಾಗ ಕಪ್ಪು-ಬಸಿ ಬಡಿದು ಸದ್ದಾಗಿ ಅವಳೇ ನಕ್ಕಿದ್ದಳು. ಯುಗಾದಿಯ ಮುಂದೆ ಮದುವೆಯ ಮಾತು ಮುಗಿಸುವುದೆಂದು ಆಗಿತ್ತು. ಮೂರು ವರ್ಷಗಳಲ್ಲಿ ಅವನನ್ನು ಒಪ್ಪಿದ ಮೊದಲ ಮನೆ ಅದು.

"ಇದ್ದದ್ದು ಹೇಳ್ರಿ," ಎಂದ ಫಕೀರೇಶ. ಕಾಲಚೀಲ ಎತ್ತಿಕೊಂಡು ಹಿತ್ತಿಲಿಗೆ ಹೋದ.

ಉಡಿ ತುಂಬಿದರು. ಹೋಳಿಗೆ ಬಡಿಸಿದರು. ಮೈಲಾರವ್ವ ಕಣ್ಣು ಕೆಂಪಾಗಿಸಿಕೊಂಡು ತುಪ್ಪ ಹಾಕುತ್ತ ಓಡಾಡಿದಳು. ಮಗನನ್ನು ಕರೆಯಲು ಎರಡು ಸಲ ಹಿತ್ತಿಲ ಬಾಗಿಲವರೆಗೆ ಬಂದು, ಕರೆಯದೆ ತಿರುಗಿ ಹೋದಳು. ಫಕೀರೇಶ ಬಣವೆಯ ನೆರಳಲ್ಲಿ ಕೂತು ಅಂಗಾಲಿಗೆ ಗಾಳಿ ಬಿಟ್ಟುಕೊಂಡಿದ್ದ. ಹಸಿಯಾದ ಹಿಮ್ಮಡಿಗೆ ಕಾಲಚೀಲ ಮತ್ತೆ ಹಾಕಲು ಆಗುವಂತಿರಲಿಲ್ಲ. ಮುಂಬಾಗಿಲ ಕಡೆ ಕ್ರೂಸರಿಗೆ ತೊಟ್ಟಿಲು ಏರಿಸುವ ಗದ್ದಲ, ರೊಟ್ಟಿಯ ಗಂಟು ಎಲ್ಲಿ, ಕೌದಿ ಎಲ್ಲಿ ಎಂಬ ಕೂಗು ಕೇಳಿಸುತ್ತಿತ್ತು.

ಬೀರೇಶ ಬಂದ. ಉಚ್ಚೆಗೆ ಬಂದವನಂತೆ ಬಂದು, ಹಿಂದೆ ಮುಂದೆ ನೋಡಿ, ಬಣವೆಯ ಈ ಕಡೆಗೆ ಸರಿದ.

"ಫಕೀರಾ, ಒಂದ ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ."

ಫಕೀರೇಶ ತಲೆಯೆತ್ತಿದ.

"ಹೋದ ಬ್ಯಾಸಿಗ್ಯಾಗ ನಿಮ್ಮಕ್ಕನ ಅಂಗಾಲಿಗೆ ನಾನ ಕೊಬ್ಬರಿ ಎಣ್ಣಿ ಹಚ್ಚೀನಿ. ಮೂರು ತಿಂಗಳು. ಅಕೀ ಅಂತಿದ್ಲು, ಹೊಲದಾಗ ಜ್ವಾಳದ ಸೊಪ್ಪಿ ಚುಚ್ಚ್ಯಾವ ಅಂತ. ನಿನ್ನ ಕಾಲು ಈಗ ನೋಡಿದೆ. ಎರಡೂ ಒಂದ ನಮೂನಿ ಅದಾವ." ಬೀರೇಶ ಒಂದು ದಂಟು ಕಿತ್ತು ಮುರಿದ. "ಅಪ್ಪಗ ಗೊತ್ತಿಲ್ಲ. ನಾ ಹೇಳೂದಿಲ್ಲ. ಆದ್ರ ಖರೇ ಹೇಳು, ಇದು ಮಾವಂದೋ, ತಾಯೀದೋ?"

ಫಕೀರೇಶ ಅವನನ್ನು ನೋಡಿದ. ದುಂಡು ಮುಖ, ಎಣ್ಣೆ ಹಚ್ಚಿ ಬಾಚಿದ ಕೂದಲು, ಮೀಸೆಯ ತುದಿಗೆ ಹೂರಣದ ಒಂದು ಚೂರು. ಮೂರು ತಿಂಗಳು ಎಣ್ಣೆ ಹಚ್ಚಿದ್ದನಂತೆ. ಇಷ್ಟೆಲ್ಲ ಕಂಡಿದ್ದವನು ಇಪ್ಪತ್ತು ಜನರ ನಡುವೆ ಶೇಂಗಾ ಆರಿಸುತ್ತ ಕೂತಿದ್ದ. ಅಪ್ಪ ಬಳೆಚೂರಿನ ಮಾತೆತ್ತಿದಾಗ 'ಬ್ಯಾಡಪಾ' ಎಂಬ ಒಂದೇ ಮಾತು ಇವನ ಬಾಯಿಂದ ಬಂದಿದ್ದರೆ, ಯಾರೂ ಯಾರ ಮುಂದೂ ಅಂಗಿ ಎತ್ತಬೇಕಾಗಿರಲಿಲ್ಲ. ಈಗ ಬಣವೆಯ ಮರೆಗೆ ಬಂದು ಖರೆ ಕೇಳುತ್ತಿದ್ದಾನೆ. ಕೈ ಮುಷ್ಟಿಯಾಯಿತು. ಆದರೆ ಎಣ್ಣೆ ಹಚ್ಚಿದ್ದೂ ಸುಳ್ಳಲ್ಲ. ಅಕ್ಕ ಇನ್ನು ಮೇಲೆ ಬಾಳಬೇಕಾದದ್ದು ಇದೇ ಕೈಗಳ ಜೊತೆ.

"ಹೇಳಲೇ. ಯಾರ ಮುಂದೂ ಅನ್ನಂಗಿಲ್ಲ, ಕೂಸಿನ ಆಣಿ."

ಫಕೀರೇಶ ಎದ್ದ. ಬೀರೇಶನ ಬದಿಯಿಂದಲೇ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರದಿಂದ ದಾಟಿ, ಹಿತ್ತಿಲ ಬೇಲಿಯ ಕಿಂಡಿಯಿಂದ ಹೊರಬಿದ್ದ. "ಫಕೀರಾ," ಎಂದು ಹಿಂದಿನಿಂದ ಕೂಗಿದ್ದು ಕೇಳಿಸಿತು, ಆಮೇಲೆ ಇನ್ನೊಮ್ಮೆ. ಚಪ್ಪಲಿ ಮುಂಬಾಗಿಲಲ್ಲಿ, ಬೀಗರ ಚಪ್ಪಲಿಗಳ ರಾಶಿಯಲ್ಲಿ ಉಳಿದಿದ್ದವು.

ಹಿತ್ತಿಲ ದಾರಿ ರಸ್ತೆಗೆ ಕೂಡುವಲ್ಲಿ ಡಾಂಬರು ಮಧ್ಯಾಹ್ನದ ಬಿಸಿಲಿಗೆ ಮೆತ್ತಗಾಗಿತ್ತು. ಯಾರೋ ಅರ್ಧ ರಸ್ತೆಗೆ ಜೋಳದ ತೆನೆ ಹರವಿದ್ದರು, ಹೋಗಿಬರುವ ಗಾಡಿಗಳ ಗಾಲಿಗೆ ಕಾಳು ಉದುರಲೆಂದು. ಬೇವಿನ ನೆರಳಲ್ಲಿ ಕೋಲು ಹಿಡಿದು ಆಡುಗಳನ್ನು ಅಟ್ಟುತ್ತ ಕೂತಿದ್ದ ಮುದುಕ, ಬರಿಗಾಲಲ್ಲಿ ಡಾಂಬರಿನ ಅಂಚಿಗೆ ನಿಂತವನನ್ನು ಕಂಡು, "ತೆನಿ ಮ್ಯಾಲೆ ಹೋಗಪಾ, ಕಾಲು ಸುಡಂಗಿಲ್ಲ," ಎಂದ. "ತುಳದ್ರ ನನಗೂ ಛಲೋನ ಆಕ್ಕೈತಿ."

ಅವನು ತೆನೆಗಳ ಮೇಲೆ ಕಾಲಿಟ್ಟ. ಪಾದದ ಹೊರ ಅಂಚನ್ನಷ್ಟೇ ಊರುತ್ತ, ಎರಡೂ ಕೈ ತುಸು ಅಗಲಿಸಿಕೊಂಡು, ನಿಧಾನ ನಡೆಯತೊಡಗಿದ.